ರೈಸ್ ಮಿಲ್ಲು ಶುರುವಾಗುವವರೆಗೆ ಕೂತೆ

ಎಪ್ಪತ್ತರ ದಶಕದ ಕೊನೆಗೆ ಕುಷ್ಟಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದ ನಾನು ಹಟ ಮಾಡಿ ಒಂದು ಹಳೆಯ ಕಾರು ಕೊಂಡೆ. ರವಿವಾರ ತಾವರಗೇರಾದ ಅಕ್ಕನ ಮನೆಗೆ ಹೋಗಿಬರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ವಾರವೆಲ್ಲ ನಿಂತಲ್ಲೇ ನಿಂತು ಬ್ಯಾಟರಿ ಇಳಿದುಹೋಗುತ್ತಿತ್ತು. ಆಗ ಎದುರಿನ ಚಾದಂಗಡಿಯಿಂದ ನಾಲ್ವರು ಧೋತರ ಎತ್ತಿಕಟ್ಟಿ ಬಂದು ತಳ್ಳುತ್ತಿದ್ದರು. ತಳ್ಳಿದ ಮೇಲೆ ನಗುತ್ತಿದ್ದರು.

ಅಕ್ಕನ ಮನೆಯ ಮುಂದೆ ಎಂಜಿನ್ ಬಂದ್ ಮಾಡುವ ಧೈರ್ಯ ನನಗಿರಲಿಲ್ಲ. ಗಾಡಿಯನ್ನು ಗುರುಗುಟ್ಟುತ್ತಲೇ ಬಿಟ್ಟು, ಅರ್ಧ ಕಪ್ ಚಾ ಕುಡಿದು ಎದ್ದುಬರುತ್ತಿದ್ದೆ. ಗಾಡಿಯಿದ್ದೂ ಇನ್ನೊಬ್ಬರ ಕೈ ಕಾಯುವುದು ಸಾಕಾಗಿಹೋಗಿತ್ತು. ಊರಿನ ಬ್ಯಾಟರಿ ಅಂಗಡಿಯೊಂದರಲ್ಲಿ ಅವಸರದಿಂದ ಚಾರ್ಜ್ ಮಾಡಿ, ಕುದಿಸಿ, ಹೊಸ ಬ್ಯಾಟರಿಯನ್ನೇ ಹಾಳುಮಾಡಿಕೊಟ್ಟ ಮೇಲಂತೂ, ಇನ್ನೊಂದು ಬ್ಯಾಟರಿ ಕೊಂಡು, ನನ್ನದೇ ಚಾರ್ಜರ್ ತರುತ್ತೇನೆಂದು ಗಂಗಾವತಿಯ ಬಸ್ಸು ಹತ್ತಿದೆ.

ಅಲ್ಲಿಯ ಅಂಗಡಿಯವರು, ನನ್ನ ಹಿಂದೆ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಇರಲಿಲ್ಲ. ದೊಡ್ಡದೊಂದು ಚಾರ್ಜರ್ ಮುಂದಿಟ್ಟು, ಎರಡು ತಾಸಿನಲ್ಲಿ ಬ್ಯಾಟರಿ ತುಂಬುತ್ತದೆ ಎಂದರು. ಮೂಲೆಯಲ್ಲಿ ಸಣ್ಣದೊಂದು ಧೂಳು ತಿನ್ನುತ್ತಿತ್ತು. ಅದಕ್ಕೆ ಹತ್ತು-ಹನ್ನೆರಡು ತಾಸು ಬೇಕಂತೆ. ಆದರೆ ಕರೆಂಟು ಕುಂದಿದಾಗ ತಿರುಗಿಸಲು ಅದಕ್ಕೊಂದು ಗುಂಡಿ ಇತ್ತು. ನಮ್ಮೂರಲ್ಲಿ ಪಂಪ್‌ಸೆಟ್ಟುಗಳು ಶುರುವಾದರೆ ಬಲ್ಬು ಬೆಳಗುವುದೇ ಕಷ್ಟ. ಇನ್ನು ಎರಡು ತಾಸಿನ ಅವಸರದ ಚಾರ್ಜೋ, ಉರಿ ಜೋರು ಮಾಡಿದರೆ ಹಾಲಿನ ಗತಿ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕರೆಂಟ್ ಕಮ್ಮಿ ಇದ್ದಾಗ ಎರಡೂ ಹಚ್ಚಿ ತೋರಸ್ರಿ," ಎಂದೆ.

ಮಧ್ಯಾಹ್ನ ರೈಸ್ ಮಿಲ್ಲುಗಳು ಶುರುವಾದ ಮೇಲೆಯೇ ಕರೆಂಟು ಕುಂದುವುದು, ಈಗ ಹೇಗೆ ತೋರಿಸಲಿ ಎಂದರು.

"ಹಂಗಾದ್ರ ಕುಂದರ್ತೀನ್ರಿ."

ಸ್ಟೂಲ್ ಎಳೆದುಕೊಂಡು ಕೂತೆ. ಬುತ್ತಿಯ ರೊಟ್ಟಿಯನ್ನು ಅಲ್ಲೇ ಬಿಚ್ಚಿದೆ. ಎರಡು ಬಸ್ಸು ತಪ್ಪಿದವು, ತಪ್ಪಲಿ ಎಂದುಕೊಂಡೆ. ಮೂರರ ಸುಮಾರಿಗೆ ಅಂಗಡಿಯ ಬಲ್ಬು ಕೆಂಪಾಯಿತು. ಅಂಗಡಿಯ ಬ್ಯಾಟರಿಯೊಂದಕ್ಕೆ ಹಚ್ಚಿದ ದೊಡ್ಡ ಚಾರ್ಜರಿನ ಮೀಟರ್ ಮುಳ್ಳು ಸೊನ್ನೆಗೆ ಬಂದು ಮಲಗಿತು. ಸಣ್ಣದನ್ನು ಹಚ್ಚಿ ಗುಂಡಿ ತಿರುಗಿಸಿದರೆ, ಅದರ ಮುಳ್ಳು ಮೆಲ್ಲಗೆ ಎದ್ದು ನಿಂತಿತು. ಅಂಗಡಿಯವರು ಧೂಳು ಒರೆಸಿ ಸಣ್ಣದನ್ನೇ ಕಟ್ಟಿಕೊಟ್ಟರು. ನನಗೆ ಊರು ಗೆದ್ದಷ್ಟು ಖುಷಿ.

ಶನಿವಾರ ರಾತ್ರಿಯಿಡೀ ಬ್ಯಾಟರಿಗೆ ಅದನ್ನು ಹಚ್ಚಿಟ್ಟೆ. ರವಿವಾರ ಆ ನಾಲ್ವರೂ ಎಂದಿನಂತೆ ಬಂದು ಕಾರಿನ ಹಿಂದೆ ಕೈಯಿಟ್ಟು ನಿಂತರು. ಬೇಡವೆಂದು ಹೇಳಬಹುದಿತ್ತು, ಬೇಕೆಂದೇ ಹೇಳಲಿಲ್ಲ. ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಯಾರೂ ನಗಲಿಲ್ಲ. ಅವರಲ್ಲಿ ಎಲ್ಲರಿಗಿಂತ ಹಿರಿಯರು ಕಿಟಕಿಯ ಹತ್ತಿರ ಬಂದು ಬಾಗಿದರು.

"ಇನ್ನ ನಮ್ಮ ಕೆಲಸ ಮುಗೀತ್ರಿ ಅಕ್ಕಾರ."

ಗೆದ್ದ ಖುಷಿ ಅಲ್ಲಿಗೇ ಇಳಿಯಿತು. "ಹತ್ರಿ ಕಾಕಾ, ತಾವರಗೇರಾಕ ಹೋಗಿ ಬರೂಣು," ಎಂದೆ.

ಅವರು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಹತ್ತಿ, ಸೀಟಿನ ತುದಿಗೆ ಕೂತರು. ಎರಡು ವರ್ಷ ತಳ್ಳಿದ ಗಾಡಿಯೊಳಗೆ ಅವರು ಕೂತದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಒಮ್ಮೆಯೂ ಕರೆದಿರಲಿಲ್ಲ.