ಕೂರಬಾರದ ಬೆಂಚು, ಕೂರಿಸಿದ ರಂಗಕ್ಕ

ಬಯಲುಸೀಮೆಯ ಒಂದು ಹಳೇ ರೈಲು ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಂಗಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪ್ಲಾಟ್‌ಫಾರಂ ಮೇಲಿನ ಬೇವಿನೆಲೆ ಗುಡಿಸುತ್ತಾರೆ. ಗುಡಿಸುವ ರಭಸ ನೋಡಿದರೆ ಯಾರ ಮೇಲೋ ಸಿಟ್ಟಿರುವಂತೆ ಕಾಣುತ್ತದೆ. ಸಿಟ್ಟು ಇದೆ. ಅದನ್ನವರು ಮುಚ್ಚಿಡುವುದೂ ಇಲ್ಲ.

ಇಲ್ಲಿಗೆ ಈಗ ರೈಲು ಬರುವುದಿಲ್ಲ. ಹಳಿ ಕಿತ್ತು ಎಷ್ಟೋ ವರ್ಷಗಳಾದ ಮೇಲೆ ಕಟ್ಟಡಕ್ಕೆ ಸುಣ್ಣಬಣ್ಣ ಬಳಿದು ಮ್ಯೂಸಿಯಂ ಮಾಡಿದ್ದಾರೆ. ಗಂಟೆ, ಕಂದೀಲು, ಹಸಿರು ಬಾವುಟ ಎಲ್ಲವೂ ಗಾಜಿನ ಪೆಟ್ಟಿಗೆಯೊಳಗೆ. ಹೆಂಗಸರ ತಂಗುಕೋಣೆಯಲ್ಲಿ ತೇಗದ ಉದ್ದನೆ ಬೆಂಚು, ಅದರ ಮುಂದೊಂದು ಕೆಂಪು ಹಗ್ಗ, 'ಕೂರಬಾರದು' ಎಂಬ ಫಲಕ. ದಿನಾ ಆ ಬೆಂಚು ಒರೆಸುವ ರಂಗಕ್ಕನೂ ಕೂರುವಂತಿಲ್ಲ. ಊಟ ಹೊರಗೆ, ಮೆಟ್ಟಿಲ ಮೇಲೆ.

"ರೈಲು ಓಡ್ತಿದ್ದಾಗ ಇಲ್ಲೇ ಕಳ್ಳೆಕಾಯಿ ಮಾರ್ತಿದ್ದೆ ಕಣಪ್ಪ. ತುಂಬು ಬಸುರಿ, ನೋವು ಬಂದ್ಬುಡ್ತು. ಸ್ಟೇಷನ್ ಮಾಸ್ಟ್ರ ಹೆಂಡ್ರು ಇದೇ ಬೆಂಚಿನ ಮ್ಯಾಲೆ ಮಲಗಿಸಿದ್ರು. ನನ್ ಮಗಳು ಹುಟ್ಟಿದ್ದೇ ಅಲ್ಲಿ" ಎನ್ನುತ್ತಾರೆ.

ಗಂಡ ಕಲ್ಲುಕ್ವಾರಿಯಲ್ಲಿ ಸತ್ತಾಗ ಆ ಮಗಳಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ಆಮೇಲೆ ರೈಲು ನಿಂತಿತು, ಅದರೊಂದಿಗೆ ವ್ಯಾಪಾರವೂ. ಕೂಲಿ, ಮನೆಗೆಲಸ, ಕೊನೆಗೆ ಕಂಟ್ರಾಕ್ಟಿನ ಈ ಕೆಲಸ.

ಹೋದ ಬೇಸಿಗೆಯಲ್ಲಿ ಬಡವನಹಳ್ಳಿಯ ಕಮಲಾಕ್ಷಮ್ಮ ಎಂಬ ಹಿರಿಯರು ಮೊಮ್ಮಕ್ಕಳ ಜೊತೆ ಮ್ಯೂಸಿಯಂ ನೋಡಲು ಬಂದರು. ಬಿಸಿಲಿಗೆ ತಲೆ ಸುತ್ತಿ ತಂಗುಕೋಣೆಯ ಬಾಗಿಲಲ್ಲೇ ಕುಸಿದರು. ರಂಗಕ್ಕ ಹಗ್ಗ ಬಿಚ್ಚಿ ಎಸೆದು, ಅವರನ್ನು ಬೆಂಚಿನ ಮೇಲೆ ಮಲಗಿಸಿ ನೀರು ಕುಡಿಸಿದರು. ಸೂಪರ್‌ವೈಸರ್ ನಾಗಭೂಷಣ್ ಓಡಿಬಂದರು.

"ಏನಮ್ಮಾ ಇದು? ಹೆರಿಟೇಜ್ ಬೆಂಚು! ಅವರನ್ನ ಎಬ್ಬಿಸಿ ಹೊರಗೆ ಮಲಗಿಸು."

"ಹೊರಗೆ ಕಲ್ಲು ಸುಡ್ತೈತೆ. ಜೀವ ಇರೋದು ಬೆಂಚಿಗೋ, ಈಯಮ್ಮಂಗೋ? ನೀವೇ ಹೇಳಿ ಸ್ವಾಮಿ."

"ನಾಳೆಯಿಂದ ಬರಬೇಡ."

ಕಮಲಾಕ್ಷಮ್ಮ ಚೇತರಿಸಿಕೊಂಡು ಎದ್ದ ಮೇಲೆಯೇ ರಂಗಕ್ಕ ಮನೆಗೆ ಹೋದರು. ಮರುದಿನ ಟಿಕೆಟ್ ಕೊಡುವ ಗಂಗಲಕ್ಷ್ಮಿ ಕಿಟಕಿ ಮುಚ್ಚಿ ಹೊರಗೆ ಬಂದು ಕೂತರು. "ರಂಗಕ್ಕನ್ನ ಕರ್ಸಿ ಸಾರ್, ಆಮೇಲೆ ಟಿಕೆಟ್ಟು." ಪ್ರವಾಸಕ್ಕೆ ಬಂದ ಶಾಲಾ ಬಸ್ಸು ಹಾಗೇ ಹಿಂದಿರುಗಿತು. ಸಂಜೆ ನಾಗಭೂಷಣ್ ತಾವೇ ಬೈಕ್ ಹತ್ತಿ ರಂಗಕ್ಕನ ಮನೆಗೆ ಹೋದರು. ತಪ್ಪಾಯಿತು ಅನ್ನಲಿಲ್ಲ. "ನಾಳೆ ಬಾಮ್ಮ" ಅಂದರಷ್ಟೇ.

ರಂಗಕ್ಕ ಬಂದರು. ಸಿಟ್ಟು ಇಳಿಯಲಿಲ್ಲ.

"ಸತ್ತ ಮರಕ್ಕೆ ವರ್ಸಾ ವರ್ಸಾ ಪಾಲಿಶ್ ಹೊಡಿಸ್ತಾರೆ. ಕೆಲ್ಸದ ಹೆಂಗಸ್ರಿಗೆ ಒಂದು ಕಕ್ಕಸು ಕಟ್ಸಕ್ಕೆ ಆಗಲ್ವಂತೆ. ಈ ವಯಸ್ನಾಗೆ ಜಾಲಿ ಗಿಡದ ಮರೆಗೆ ಹೋಗ್ತೀವಿ. ಅದನ್ನೂ ಗಾಜಿನ ಪೆಟ್ಗೇಲಿ ಇಟ್ಟು ತೋರಿಸ್ಲಿ!"

ಹಗ್ಗ, ಫಲಕ ಇವತ್ತಿಗೂ ಅಲ್ಲೇ ಇವೆ. ಬಸುರಿಯರು, ಮುದುಕಿಯರು, ಕೂಸು ಎತ್ತಿಕೊಂಡವರು ಬಂದರೆ ರಂಗಕ್ಕ ಹಗ್ಗ ಸರಿಸಿ ಕೂರಿಸುತ್ತಾರೆ. ನಾಗಭೂಷಣ್ ಕಂಡರೂ ಕಾಣದಂತೆ ಹೋಗುತ್ತಾರೆ. ಮತ್ತೆ ಕೆಲಸ ಹೋದರೆ?

"ಹೋಗ್ಲಿ ಬುಡಪ್ಪ. ದುಡ್ಯೋ ಕೈಗೆ ಕೆಲ್ಸ ಎಲ್ಲಾದ್ರೂ ಸಿಗ್ತೈತೆ. ಬಿದ್ದೋರನ್ನ ದಾಟ್ಕಂಡು ಹೋಗೋ ಅಂಥ ಕಾಲು ದೇವ್ರು ನಂಗೆ ಕೊಟ್ಟಿಲ್ಲ."