ಈಜಿಪ್ಟಿನವನಿಗೊಂದು ಎಡೆ

ಅವತ್ತು ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಮಹಡಿ ಕೋಣೆಯಲ್ಲಿ ಇದ್ದವರು ನಾಲ್ಕು ಜನ. ನಾನು, ನಮ್ಮ ಕಂಪ್ಯೂಟರ್ ಮೇಷ್ಟ್ರು, ಬಾಗಿಲಿಗೆ ಒರಗಿಕೊಂಡು ಕೆಳಗಿನ ಬೀದಿಯನ್ನೇ ನೋಡುತ್ತಿದ್ದ ಚಿಕ್ಕಪ್ಪ, ಮತ್ತೆ, ಅಲ್ಲಿದ್ದ ಒಂದೇ ಒಂದು ಉರುಳುಗಾಲಿಯ ಆಫೀಸು ಕುರ್ಚಿಯ ಮೇಲೆ, ಅದೆಲ್ಲಿ ಓಡಿಹೋದೀತೋ ಎಂದು ಎರಡೂ ಕೈಯಲ್ಲಿ ಮೇಜನ್ನು ಹಿಡಿದುಕೊಂಡು ಕೂತಿದ್ದ ನಮ್ಮಜ್ಜಿ.

ಅಜ್ಜಿ ಬಂದದ್ದು ತೀರ್ಪು ಕೊಡೋಕೆ. ಎರಡು ಸಾವಿರನೇ ಇಸವಿಯ ಆಚೀಚೆ ಇರಬೇಕು. ಪಿಯುಸಿ ಮುಗಿಸಿದ್ದ ನಾನು ಕಂಪಲಾಪುರದ ಮಗ್ಗುಲಿನ ನಮ್ಮೂರಿಂದ ದಿನಾ ಬಸ್ಸು ಹತ್ತಿ ಹುಣಸೂರಿಗೆ ಕಂಪ್ಯೂಟರ್ ಕಲಿಯೋಕೆ ಹೋಗುತ್ತಿದ್ದೆ. ಹೊಗೆಸೊಪ್ಪಿನ ಕಾಲ ಅದು. ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬೇಯಿಸೋಕೆ ಬ್ಯಾರನ್ನಿಗೆ, ಅಂದರೆ ಸೊಪ್ಪು ಹದಮಾಡುವ ಬೆಂಕಿಮನೆಗೆ, ಏರಿಸೋ ದಿನಗಳಲ್ಲಿ ನಮ್ಮನೆಯಲ್ಲಿ ನೆರಳಿಗೂ ಕೆಲಸ ಇರುತ್ತಿತ್ತು. "ಸೊಪ್ಪು ಕಟ್ಟೋಕೆ ಆಳು ಸಿಕ್ತಾ ಇಲ್ಲ, ಇವ್ಳು ನೋಡುದ್ರೆ ಜಡೆ ಹಾಕ್ಕಂಡು ಹುಣಸೂರ್ಗೋಗಿ ಅದೇನೋ ಒತ್ತುತಾಳಂತೆ" ಎಂದು ಅಜ್ಜಿ ಗೊಣಗಿದ್ದು ಒಂದು ವಾರ. ಕೊನೆಗೆ, "ಅದೇನು ಕಲಿಸ್ತಾರೋ ನಾನೇ ನೋಡ್ತೀನಿ. ಸರಿ ಕಂಡ್ರೆ ಹೋಗ್ಲಿ, ಇಲ್ದಿದ್ರೆ ಸೊಪ್ಪು ಕಟ್ಲಿ" ಎಂದಳು. ನಮ್ಮನೆಯಲ್ಲಿ ಅಜ್ಜಿಯ ಮಾತಿಗೆ ಮೇಲ್ಮನವಿ ಇರಲಿಲ್ಲ. ಅಪ್ಪ ಬ್ಯಾರನ್ನಿನ ಬೆಂಕಿ ನೋಡುವ ನೆಪದಲ್ಲಿ ಎದ್ದುಹೋಗಿದ್ದ.

ನನಗೋ ಆ ಕ್ಲಾಸು ಪ್ರಾಣ. ಹುಟ್ಟಿದಾಗಿನಿಂದ ಕಲಿತದ್ದೆಲ್ಲ, ಮಾತಿಂದ ಮುದ್ದೆವರೆಗೆ, ಮನೆಯ ಹಿರಿಯರಿಂದಲೇ ಕಲಿತದ್ದು. ಅವರ್ಯಾರಿಗೂ ಗೊತ್ತಿಲ್ಲದ ಒಂದು ವಿದ್ಯೆ ನನ್ನ ಬೆರಳಿಗೆ ಹತ್ತುತ್ತಿದೆ ಅನ್ನುವ ಜಂಬ ಬೇರೆ.

ಮೇಷ್ಟ್ರು ಮೊದಲು ನನ್ನ ಹೆಸರು ಟೈಪ್ ಮಾಡಿ ತೋರಿಸಿದರು. ಅಜ್ಜಿ, "ಸೊಪ್ಪಿನ ಆಪೀಸಲ್ಲೂ ಇಂಗೇ ಟಕಟಕ ಅಂತ ಒಡಿತಾರೆ ಕಣಪ್ಪ. ಇದ್ರಾಗೆ ಹೊಸದೇನು?" ಅಂದಳು. ಮೇಷ್ಟ್ರು ಚಿಕ್ಕ ವಯಸ್ಸಿನವರು, ಗಾಬರಿಯಾದರು. ಬಣ್ಣ, ಸದ್ದು ಇರುವುದನ್ನು ತೋರಿಸಿದರೆ ಮುದುಕಿ ಒಲಿದಾಳೆಂದು ಮೇಜಿನ ಡ್ರಾಯರಿನಿಂದ ಒಂದು ಆಟದ ಸೀಡಿ ತೆಗೆದು ಹಾಕಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಳ್ಳಿ.

ಆಟದ ನಾಯಕ ನಮ್ಮ ಕಾಲಕ್ಕಿಂತಲೂ ಮುಂದಿನ ಕಾಲದವನು. ಮೈಗೆ ಅಂಟಿದ ಬೆಳ್ಳಿ ಬಣ್ಣದ ಅಂಗಿ, ಬಗಲಲ್ಲಿ ಒಂದು ಚೀಲ. ಒಂದು ಮೆಷೀನಿನೊಳಗೆ ಕೂತು ಗುಂಡಿ ಒತ್ತಿದರೆ ಹಿಂದಿನ ಯಾವ ಕಾಲಕ್ಕೆ ಬೇಕಾದರೂ ಹೋಗುತ್ತಾನೆ.

"ಈಗ ಇವನು ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗ್ತಾನೆ ಅಜ್ಜಿ. ಈಜಿಪ್ಟ್ ಅಂತ ಒಂದು ದೇಶ."

"ಅಷ್ಟು ಹಿಂದುಕ್ಕೆ ಯಾಕೋದಾನು? ಜಮೀನಿನ ವ್ಯಾಜ್ಯನಾ?"

ಚಿಕ್ಕಪ್ಪ ಬಾಗಿಲಲ್ಲೇ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಗುಂಯ್ ಅಂತ ಸದ್ದಾಗಿ ನಾಯಕ ಈಜಿಪ್ಟಿನಲ್ಲಿ ಇಳಿದ. ಬೀದಿ ಅಂದರೆ ಬೀದಿ! ಸೆಗಣಿ ಇಲ್ಲ, ಸೊಳ್ಳೆ ಇಲ್ಲ, ಕಂಬಗಳೆಲ್ಲ ಹೊಸದಾಗಿ ತೊಳೆದು ಒರೆಸಿ ನಿಲ್ಲಿಸಿದಂತಿವೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇದೆಂಥ ಊರ್ಲಾ? ಬೆಳ್ಳಿ ಅಂಗಿ ಹಾಕ್ಕಂಡು ಪರ್ದೇಸಿಯೊಬ್ಬ ಬಂದವ್ನೆ, ಒಂದು ನಾಯಿನಾದ್ರೂ ಬೊಗಳಬಾರ್ದಾ? ಯಾವೂರಪ್ಪ, ಯಾರ ಪೈಕಿ ಅಂತ ಒಬ್ರಾದ್ರೂ ಕೇಳ್ಬಾರ್ದಾ?"

ಅಜ್ಜಿಗೆ ಹಳೇಕಾಲ ಅಂದರೆ ಹೆಳವ ಹೇಳಿದ್ದು. ಕೆಲವು ವರ್ಷಕ್ಕೊಮ್ಮೆ ಎತ್ತು ಹೊಡೆದುಕೊಂಡು, ಗಂಟೆ ಬಾರಿಸಿಕೊಂಡು ನಮ್ಮ ಅಂಗಳಕ್ಕೆ ಬಂದು, ನಮ್ಮ ಮನೆತನದವರು ಎಲ್ಲಿಂದ ಎದ್ದು ಬಂದರು, ಯಾರ ಮಗ ಯಾರು, ಯಾರಿಗೆ ಯಾವ ಊರಿಂದ ಹೆಣ್ಣು ತಂದರು ಎಂದು ಒಂದೇ ಉಸಿರಿಗೆ ರಾಗವಾಗಿ ಒಪ್ಪಿಸುವವನು ಅವನು. ಅವನ ಹಳೇಕಾಲದಲ್ಲಿ ಹೆಸರಿಲ್ಲದ ಮನುಷ್ಯನೇ ಇಲ್ಲ. ಈ ಆಟದ ಹಳೇಕಾಲದಲ್ಲೋ ಒಬ್ಬನಿಗೂ ಹೆಸರಿಲ್ಲ, ಅಪ್ಪ ಅಮ್ಮ ಮೊದಲೇ ಇಲ್ಲ.

ನಾಯಕ ಒಂದು ಮನೆಯ ಮುಂದೆ ನಿಂತ. ಜಗುಲಿಯ ಮೇಲೆ ಕುಂಬಾರನೊಬ್ಬ ಕೂತಿದ್ದ. ಮೇಷ್ಟ್ರು ಮೌಸಿನ ಬಾಣವನ್ನು ಅವನ ಮೇಲಿಟ್ಟು ಒತ್ತಿದಾಗ ಅವನು ಕೈ ಎತ್ತಿ ಇಂಗ್ಲಿಷಿನಲ್ಲಿ ಏನೋ ಅಂದ. "ಇವತ್ತು ನದಿ ಮುನಿದಿದೆ ಅಂತಿದಾನೆ" ಎಂದು ಮೇಷ್ಟ್ರು ಕನ್ನಡ ಮಾಡಿದರು. ನಾಯಕ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೀದಾ ಮನೆಯೊಳಗೆ ನುಗ್ಗಿ, ಗೂಡಿನಲ್ಲಿದ್ದ ಒಂದು ಕುಡಿಕೆ ಎತ್ತಿ ಚೀಲಕ್ಕೆ ಹಾಕಿಕೊಂಡ. ಟ್ರಿಂಗ್ ಅಂತ ಸದ್ದಾಯಿತು.

ಅಜ್ಜಿ ಧಡಕ್ಕನೆ ಎದ್ದಳು. ಕುರ್ಚಿ ಹಿಂದಕ್ಕೆ ಓಡಿಹೋಗಿ ಗೋಡೆಗೆ ಬಡಿಯಿತು.

"ನಿಲ್ಸಪ್ಪಾ! ಏನು ತಗಂಡ ಅವ್ನು?"

"ಕುಡಿಕೆ ಅಜ್ಜಿ. ಮುಂದೆ ಬೇಕಾಗುತ್ತೆ ಅವನಿಗೆ."

"ಬೇಡದ್ದು ಯಾವ ಕಳ್ಳ ಕದ್ದಾನು? ಕೇಳಿ ತಗಂಡನಾ?"

"ಕೇಳೋ ಹಾಗಿಲ್ಲ ಅಜ್ಜಿ. ಆಟ ಇರೋದೇ ಹಾಗೆ, ಕಣ್ಣಿಗೆ ಬಿದ್ದಿದ್ದೆಲ್ಲ ಎತ್ತಿಕೊಳ್ಳಬೇಕು."

"ಮನೆ ಯಜಮಾನ ಜಗುಲಿ ಮೇಲೇ ಕೂತವ್ನಲ್ಲಪ್ಪಾ!"

"ಅವನು ಏನೂ ಅನ್ನಲ್ಲ."

"ಅನ್ನದೆ ಇರೋನ ಮನೇಲಿ ಕದಿಯೋದ್ನ ನಮ್ಮ ಕೂಸಿಗೆ ಕಲಿಸ್ತಾ ಇದೀರಾ ಮೇಷ್ಟ್ರೆ?"

ಮೇಷ್ಟ್ರು ಬೆವರು ಒರೆಸಿಕೊಂಡು, ಹೇಳಬಾರದ ಮಾತೊಂದನ್ನು ಹೇಳಿಬಿಟ್ಟರು. "ಅಜ್ಜಿ, ಅವನು ಸತ್ತೇ ನಾಲ್ಕು ಸಾವಿರ ವರ್ಷ ಆಯ್ತು, ಬಿಡಿ."

ಚಿಕ್ಕಪ್ಪ ಬೀದಿ ನೋಡುವುದನ್ನು ನಿಲ್ಲಿಸಿದ.

"ಸತ್ತೋರ ಮನೆ ಸಾಮಾನಾ?" ಅಂದಳು ಅಜ್ಜಿ, ಬಲು ಮೆಲ್ಲಗೆ.

ಮೇಷ್ಟ್ರು ತಡಬಡಾಯಿಸಿ ಏನೋ ಒತ್ತಿ, ಆಟವನ್ನು ಮೊದಲು ಉಳಿಸಿಟ್ಟಿದ್ದ ಜಾಗಕ್ಕೆ ತಂದರು. ಕುಡಿಕೆ ಮತ್ತೆ ಗೂಡಿನಲ್ಲಿತ್ತು. "ನೋಡಿ ಅಜ್ಜಿ, ಅವನು ಈಗ ಕದ್ದೇ ಇಲ್ಲ!"

"ಯಾರಿಗೇಳ್ತೀಯ ನೀನು? ನಾನು ಕಣ್ಣಾರೆ ನೋಡ್ಲಿಲ್ವಾ? ನಿನ್ ಪೆಟ್ಟಿಗೆ ಮರ್ತಿರಬೌದು, ನಾನು ಮರ್ತಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಪು ಬಂತು. ಕುಡಿಕೆ ಹಿಂದಕ್ಕೆ ಕೊಡೋ ತನಕ ಕ್ಲಾಸಿಲ್ಲ. ಸತ್ತವರ ಋಣ ಹೊತ್ತುಕೊಂಡು ಕಲಿತ ವಿದ್ಯೆ ಕೈ ಹತ್ತೋದಿಲ್ಲ. ನಾನು ಕಿಟಕಿಗೆ ಮುಖ ಹಾಕಿ ಅತ್ತೆ. ಆಟದೊಳಗಿನ ಕುಡಿಕೆಯನ್ನು ಯಾರಿಗೆ, ಎಲ್ಲಿಗೆ ಹೋಗಿ ಕೊಡಲಿ?

ಆಗ ಚಿಕ್ಕಪ್ಪ ಹಿಂದಿನ ಸೀಟಿನಿಂದ ಕತ್ತು ಚಾಚಿದ. "ಅವ್ವಾ, ಇಂಗ್ಮಾಡಾನ. ಮಾಲಯ ಅಮಾಸೆ ಬತ್ತಾ ಅದೆ. ನಮ್ಮೋರಿಗೆ ಎಡೆ ಇಡೋವಾಗ ಅವುನ್ಗೂ ಒಂದು ಎಲೆ ಹಾಕಿ, ಹೊಸ ಕುಡಿಕೆ ಇಟ್ಬುಟ್ರೆ ಆಯ್ತಲ್ಲ?"

ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಸತ್ತ ಹಿರಿಯರನ್ನು ಊಟಕ್ಕೆ ಕರೆಯುತ್ತೇವೆ. ನಡುಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಅದೇ ಎಡೆ.

ಅಜ್ಜಿ ಹುಣಸೂರು ದಾಟುವವರೆಗೂ ಯೋಚಿಸಿದಳು. "ಇಡಬೌದು. ಆದ್ರೆ ಅವನೇನುಂತಿದ್ದ ಅಂತ ಗೊತ್ತಿಲ್ದೆ ಎಡೆ ಎಂಗಿಡದು? ಹೆಸರೂ ಗೊತ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಮಾಸೆಗಂಟ ದಿನಾ ಹೋಗು. ವಿಚಾರಿಸ್ಕಂಡು ಬಾ. ಎಡೇನ ಅವನೊಪ್ಪಿದ್ರೆ ಆಮೇಕೂ ಹೋಗು, ಒಪ್ದಿದ್ರೆ ಬ್ಯಾಡ."

ಹೀಗೆ ನಾನು ಈಜಿಪ್ಟಿನ ವಿಚಾರಣೆಗೆ ನೇಮಕವಾದೆ. ಮೇಷ್ಟ್ರು ಘಾಟಿ, ಟೈಪಿಂಗ್ ಪಾಠ ಮುಗಿಸಿದರೆ ಮಾತ್ರ ಈಜಿಪ್ಟ್ ಎಂದರು. ಕುಂಬಾರನ ದೆಸೆಯಿಂದ ನನ್ನ ಬೆರಳು ಓಡತೊಡಗಿದವು. ಅವನೋ, ಎಷ್ಟು ಸಲ ಬಾಣ ಒತ್ತಿದರೂ ನದಿ ಮುನಿದಿದೆ ಅನ್ನುವುದು ಬಿಟ್ಟು ಬೇರೆ ಆಡಲಿಲ್ಲ. ಹೆಸರು ಕೇಳಲು ಆಟದಲ್ಲಿ ದಾರಿಯೇ ಇರಲಿಲ್ಲ. ಪಕ್ಕದ ಮನೆಗೆ ಹೋದೆ, ದೇವಸ್ಥಾನಕ್ಕೆ ಹೋದೆ, ಅರಮನೆಗೂ ಹೋದೆ. ಬಾವಿಯ ಹತ್ತಿರ ಒಬ್ಬಳು ನೀರು ಸೇದುತ್ತಲೇ ಇದ್ದಳು. ಅವಳ ಕೊಡ ತುಂಬಿದ್ದನ್ನು ನಾನು ಕಾಣೆ. ಮೆಷೀನು ಹತ್ತಿ ಬೇರೆ ಬೇರೆ ಕಾಲಗಳಿಗೂ ಹೋಗಿಬಂದೆ. ಎಲ್ಲ ಕಡೆಯೂ ಜನ ತಮ್ಮ ಕೆಲಸ ಬಿಟ್ಟು ಈ ಬೆಳ್ಳಿ ಅಂಗಿಯವನಿಗಾಗಿಯೇ ಕಾದು ನಿಂತಿದ್ದರು. ಬಂದವನಿಗೆ ಒಂದು ಒಗಟು ಒಡ್ಡುತ್ತಿದ್ದರು, ಒಬ್ಬರೂ ನೀರು ಬೇಕಾ ಎನ್ನುತ್ತಿರಲಿಲ್ಲ. ಆ ಆಟ ಮಾಡಿದವರಿಗೆ ಕಂಬ ಗೊತ್ತಿತ್ತು, ಕಿರೀಟ ಗೊತ್ತಿತ್ತು, ಒಲೆ ಗೊತ್ತಿರಲಿಲ್ಲ. ಅಷ್ಟು ದೇಶ ಸುತ್ತಿದರೂ ನನಗೆ ಒಂದು ಕಡೆಯೂ ಹೊಗೆ ಕಾಣಲಿಲ್ಲ.

ಸಂಜೆ ಸೊಪ್ಪು ಕಟ್ಟುತ್ತಾ ಅಜ್ಜಿಗೆ ವರದಿ ಒಪ್ಪಿಸುತ್ತಿದ್ದೆ.

"ಒಗಟು ಕೇಳ್ತಾರಾ? ಕೆಲ್ಸ ಇಲ್ಲದ ಜನ. ಸೊಪ್ಪಿನ ಕಾಲ್ದಾಗೆ ಯಾವನಾದ್ರೂ ನನ್ನ ಒಗಟು ಕೇಳಾಕೆ ಬಂದಿದ್ರೆ, ಅವನ ಕೈಗೆ ಒಂದೊರೆ ಕಡ್ಡಿ ಕೊಟ್ಟು ಕೂರಿಸ್ತಿದ್ದೆ."

"ರಾಜನ ಹತ್ರನೂ ಹೋಗಿದ್ದೆ ಅಜ್ಜಿ."

"ಏನಂದ?"

"ಬಲಗಡೆ ಬಾಗಿಲಾಗೆ ಹೋಗು ಅಂದ."

"ಅಷ್ಟೇಯಾ? ಅದುನ್ನ ಹೇಳಾಕೆ ರಾಜ ಬೇಕಾ, ಕಂಡಕ್ಟರ್ ಸಾಲ್ದಾ?"

ಕೊನೆಗೆ ಮೇಷ್ಟ್ರೇ ಎಲ್ಲಿಂದಲೋ ಒಂದು ಚರಿತ್ರೆ ಪುಸ್ತಕ ತಂದು ಓದಿ ಹೇಳಿದರು: ಆ ಕಾಲದ ಈಜಿಪ್ಟಿನ ದುಡಿಯುವ ಜನ ತಿನ್ನುತ್ತಿದ್ದದ್ದು ರೊಟ್ಟಿ, ಈರುಳ್ಳಿ, ಮೀನು, ಕುಡಿಯುತ್ತಿದ್ದದ್ದು ಬೀರು. ಸಂಜೆ ನಾನು ಇದನ್ನು ಹೇಳಿದ್ದೇ ತಡ, ಸೊಪ್ಪಿನ ರಾಶಿಯ ಆ ಕಡೆಯಿಂದ ಚಿಕ್ಕಪ್ಪನ ತಲೆ ಮೇಲೆದ್ದಿತು.

"ಏನಂದೆ? ಬೀರಾ?"

"ಪುಸ್ತಕದಲ್ಲಿ ಹಾಗೇ ಇದೆಯಂತೆ ಚಿಕ್ಕಪ್ಪ."

ಅಲ್ಲಿಯವರೆಗೆ ತಮಾಷೆ ನೋಡುತ್ತಿದ್ದ ಚಿಕ್ಕಪ್ಪನಿಗೆ ಆ ಕ್ಷಣದಿಂದ ಭಕ್ತಿ ಹುಟ್ಟಿತು. "ಹಿರಿಯರ ಇಚಾರ ಕಣವ್ವ, ಕಡ್ಮೆ ಮಾಡಬಾರ್ದು. ಬೀರಿನ ಜವಾಬ್ದಾರಿ ನಂದು" ಎಂದ. ಅಂತರಸಂತೆಯ ಅತ್ತೆಗೆ ಹೇಳಿಕಳಿಸಿ ಕಬಿನಿ ಹಿನ್ನೀರಿನ ಮೀನು ತರಿಸುವ ಏರ್ಪಾಡನ್ನೂ ಅವನೇ ಮಾಡಿದ.

ಅಮಾವಾಸ್ಯೆ ಬಂತು. ನಡುಮನೆಯಲ್ಲಿ ಎಲೆಗಳ ಸಾಲು. ತಾತನ ಎಲೆಗೆ ಮುದ್ದೆ, ಮಟನ್ ಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಸಾಲಿನ ಕೊನೆಯಲ್ಲಿ ಈಜಿಪ್ಟಿನವನದು: ಅಕ್ಕಿ ರೊಟ್ಟಿ, ಹೆಚ್ಚಿದ ಈರುಳ್ಳಿ, ಹುರಿದ ಮೀನು, ಒಂದು ಬಾಟಲಿ ಬೀರು, ಸಂತೆಯಲ್ಲಿ ಅಜ್ಜಿಯೇ ಬಡಿದು ನೋಡಿ ಆರಿಸಿ ತಂದ ಹೊಸ ಕುಡಿಕೆ. "ಮುಚ್ಚಳ ತೆಗ್ದಿಡ್ಲಾ, ಅವುನ್ಗೆಂಗೆ ತೆಗಿಯಾಕೆ ಬಂದಾತು" ಅಂದಳು ಅಜ್ಜಿ. ಚಿಕ್ಕಪ್ಪ ಬಹಳ ವಿನಯದಿಂದ ಹಲ್ಲಲ್ಲಿ ಕಚ್ಚಿ ತೆಗೆದ.

ಧೂಪ ಹಾಕಿ ಅಜ್ಜಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಕೊನೆಯ ಎಲೆಯ ಮುಂದೆ ಬಂದು ಇನ್ನೊಂದು ಚಿಟಿಕೆ ಧೂಪ ಹಾಕಿದಳು.

"ಕುಡಿಕೆಯಪ್ಪಾ, ನಿನ್ನ ಹೆಸರು ಯಾರೂ ಕೇಳ್ನಿಲ್ಲ, ಬೇಜಾರು ಮಾಡ್ಕಬ್ಯಾಡ. ನಮ್ ಕೂಸು ಕಲಿಯೋ ಜಾಗ್ದಾಗೆ ನಿನ್ನ ಮನೆಗೆ ತೆಪ್ಪು ನಡ್ದದೆ. ವಸಿ ಉಂಡ್ಕಂಡು ಹೋಗು. ನದಿ ಮುನುದಿದ್ರೆ ಏನವಸ್ರ? ಇಲ್ಲೇ ಮನೀಕಂಡಿದ್ದು ಬೆಳಿಗ್ಗೆ ಹೋಗುವಂತೆ."

ನದಿ ಮುನಿದಿದೆ ಎಂದು ಅವನು ಅಷ್ಟು ದಿನದಿಂದ ಹೇಳುತ್ತಿದ್ದ. ಅದಕ್ಕೆ ಉತ್ತರ ಕೊಟ್ಟವಳು ಅಜ್ಜಿ ಒಬ್ಬಳೇ.

ಬಾಗಿಲು ಹಾಕಿಕೊಂಡು ಎಲ್ಲ ಜಗುಲಿಗೆ ಬಂದೆವು. "ಒಪ್ಪಿದ್ರೆ ಏನಾದ್ರೂ ಗುರ್ತು ಕೊಡ್ತಾನೆ" ಅಂದಳು ಅಜ್ಜಿ. ನನಗೆ ಅಳು ಬರುವಂತಾಗಿತ್ತು. ನಾಲ್ಕು ಸಾವಿರ ವರ್ಷ ಹಿಂದಿನವನು, ಅದೂ ಸೀಡಿಯೊಳಗಿನವನು, ನಮ್ಮೂರಿನ ಅಕ್ಕಿ ರೊಟ್ಟಿಗೆ ಏನು ಗುರುತು ಕೊಟ್ಟಾನು? ನಾಳೆಯಿಂದ ನನಗೆ ಸೊಪ್ಪಿನ ಕಡ್ಡಿಯೇ ಗತಿ ಅಂದುಕೊಂಡೆ. ಆ ಸಂಕಟದಲ್ಲಿ ಜಗುಲಿಯ ಮೇಲೆ ಯಾರಿದ್ದಾರೆ, ಯಾರಿಲ್ಲ ಅನ್ನುವುದನ್ನು ನಾನು ಗಮನಿಸಿರಲಿಲ್ಲ.

ಅಜ್ಜಿ ಕೆಮ್ಮಿ, ಬಾಗಿಲು ತಟ್ಟಿ, ತೆಗೆದಳು.

ತಾತನ ಎಲೆ ಇಟ್ಟದ್ದು ಇಟ್ಟಂತೇ ಇತ್ತು. ಕೊನೆಯ ಎಲೆಯಲ್ಲಿ ಮೀನಿನ ಮುಳ್ಳು ಮಾತ್ರ ಇತ್ತು. ಬೀರು ಅರ್ಧಕ್ಕಿಳಿದಿತ್ತು. ನನ್ನ ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಪ್ಪ ಅಡ್ಡಬಿದ್ದ. ಅಷ್ಟರಲ್ಲಿ ಚಿಕ್ಕಪ್ಪ ಹಿತ್ತಿಲ ಬಾಗಿಲಿಂದ, ಯಾರೂ ಕೇಳದಿದ್ದ ಒಂದು ಹೊರೆ ಸೌದೆ ಹೊತ್ತುಕೊಂಡು ಒಳಗೆ ಬಂದ.

"ಏನವ್ವಾ, ಒಪ್ಪಿದ್ನಾ?"

ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಒಪ್ಪವ್ನೆ. ಮೀಸೆ ಒರೆಸ್ಕಳ್ಳಲಾ."

ಆಮೇಲೆ ನನ್ನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ, "ಋಣ ತೀರ್ತು ಕಣೆ. ಸೋಮವಾರದಿಂದ ಹೋಗು. ಆ ಕುಡಿಕೆನೂ ತಗಂಡೋಗಿ ಅವನ ಮುಂದೆ ಇಡು" ಅಂದಳು.

ಸೋಮವಾರ ಕುಡಿಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮೇಷ್ಟ್ರು ಅದನ್ನು ಮಾನಿಟರಿನ ಮೇಲೆ ಇಟ್ಟು, ಅಭ್ಯಾಸಬಲದಿಂದ ಕೈಯಲ್ಲಿದ್ದ ಪೆನ್ನನ್ನು ಅದರೊಳಗೆ ಹಾಕಲು ಹೋದವರು, ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದರಲ್ಲಿ ಪೆನ್ನು ಇಡಬಹುದಾ ಅಂತ ನಿಮ್ಮಜ್ಜೀನ ಒಂದು ಮಾತು ಕೇಳ್ಕೊಂಡು ಬಾರಮ್ಮ" ಅಂದರು.

ಮಾರನೇ ದಿನ ಕೇಳಿಕೊಂಡು ಬಂದೆ. ಇಟ್ಟುಕೊಳ್ಳಲಿ ಅಂದಿದ್ದಳು.