ಎದೆಯ ಫೋಟೋದಲ್ಲಿ ಕಂಡ ಗುಂಡು

ನಮ್ಮವ್ವನ ಎದೆಯೊಳಗೆ ಗಂಟಿದೆ ಎಂದು ಡಾಕ್ಟರರು ಹೇಳಿದರು. ಇದು ೧೯೮೪ರ ಶ್ರಾವಣದ ಮಾತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಬಣ್ಣ ಹಚ್ಚಿ ಬರೆಯಲು ನನಗೆ ಬರುವುದಿಲ್ಲ. ಶರಣ ಬಂಧುಗಳು ತಪ್ಪು ತಿದ್ದಿಕೊಂಡು ಓದಬೇಕು.

ನಮ್ಮೂರು ಇಳಕಲ್. ನಾನು ಗ್ರಾನೈಟ್ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದೇನೆ. ನಾನು ಸಣ್ಣವನಿದ್ದಾಗಲೇ ಅಪ್ಪ ಲಿಂಗೈಕ್ಯನಾದ. ಅವ್ವ ನೇಕಾರರ ಮನೆಗೆ ಸೀರೆಯ ನೂಲು ಸುತ್ತಿಕೊಟ್ಟು ನನ್ನನ್ನು ಬೆಳೆಸಿದಳು. ಮನೆಯಲ್ಲಿ ನಾವಿಬ್ಬರೇ.

ಆ ವರ್ಷ ಬೇಸಿಗೆಯಲ್ಲೇ ಅವಳಿಗೆ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬಿಸಿ. ರೊಟ್ಟಿ ಅರ್ಧಕ್ಕೇ ಬಿಡುವಳು. ಕುಪ್ಪಸ ಸಡಿಲಾಯಿತು. ಜ್ವರದಲ್ಲೂ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಊರಿನ ಔಷಧದಿಂದ ಏನೂ ಆಗಲಿಲ್ಲ. ಅದನ್ನು ಕೊಟ್ಟವರೇ ಬಾಗಲಕೋಟೆಗೆ ಒಯ್ದು ಎದೆಯ ಫೋಟೋ ತೆಗೆಸು ಎಂದರು. ಮುಂಜಾನೆಯ ಬಸ್ಸಿಗೆ ಹತ್ತಿಸಿದೆ. ಅಮೀನಗಡ ದಾಟುವವರೆಗೂ ಕಿಟಕಿಗೆ ತಲೆ ಆನಿಸಿ ಕೆಮ್ಮುತ್ತಲೇ ಇದ್ದಳು.

ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವವನು ಬಾಗಿಲಲ್ಲೇ ಹೇಳಿದ, "ಅವ್ವಾರ, ಬಂಗಾರ, ಬೆಳ್ಳಿ, ಪಿನ್ನು ಏನರ ಇದ್ರ ತಗದ ಮಗನ ಕೈಯಾಗ ಕೊಡ್ರಿ."

"ಬಂಗಾರ ಇದ್ದಿದ್ರ ಇಲ್ಲಿ ಪಾಳೇಕ ಯಾಕ ನಿಲ್ತಿದ್ನೋ ಯಪ್ಪಾ," ಎಂದು ಅವ್ವ ಕುಪ್ಪಸದ ಪಿನ್ನು ತೆಗೆದು ನನ್ನ ಕೈಗಿಟ್ಟಳು.

"ಎದಿ ಈ ತಗಡಿಗೆ ಒತ್ತಿ ನಿಲ್ಲಬೇಕ್ರಿ. ಉಸರ ಹಿಡಿ ಅಂದಾಗ ಹಿಡೀಬೇಕು." ಬಾಗಿಲು ಮುಚ್ಚಿತು. ನಾನು ಹೊರಗೆ ನಿಂತೆ.

ಮಧ್ಯಾಹ್ನ ಡಾಕ್ಟರರು ಆ ಕರೀ ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಅವ್ವನ ಎಲುಬೆಲ್ಲ ಬೆಳ್ಳಗೆ ಕಂಡವು. ಬಲಗಡೆ, ಪಕ್ಕೆಲುಬಿನ ನಡುವೆ, ಲಿಂಬೆಹಣ್ಣಿನಂಥ ಬಿಳಿ ಗುಂಡು. ನನ್ನಂಥವನಿಗೂ ಕಾಣುವಷ್ಟು ಸ್ಪಷ್ಟ.

"ಫೋಟೋ ತಗ್ಯಾಗ ಎದಿಮ್ಯಾಲೆ ಏನರ ಇತ್ತೇನ್ರಿ ಅವ್ವಾರ?"

"ಎದಿಮ್ಯಾಲೆ ಏನೂ ಇರಲಿಲ್ರಿ," ಎಂದಳು ಅವ್ವ. ಅವಳು ಸುಳ್ಳು ಹೇಳುವವಳಲ್ಲ.

ಅವಳನ್ನು ಹೊರಗೆ ಕೂಡಿಸಿ ಡಾಕ್ಟರರು ನನಗೆ ಹೇಳಿದರು, "ಗಂಟ ಇದ್ದಂಗ ಕಾಣತೈತಿ. ಕೆಟ್ಟ ಗಂಟೂ ಇರಬಹುದು. ಹುಬ್ಬಳ್ಳಿಗೆ ಒಯ್ಯಬೇಕು. ಎದಿ ಕೊಯ್ದ ನೋಡಬೇಕಾಗತೈತಿ."

"ಇರಬಹುದು ಅಂದ್ರ ಹೆಂಗ್ರಿ? ಐತೋ ಇಲ್ಲೋ, ಒಂದ ಹೇಳ್ರಿ."

"ತಮ್ಮಾ, ಇದು ನೆರಳು. ನೆರಳ ನೋಡಿ ಇಷ್ಟ ಹೇಳಾಕ ಬರತೈತಿ." ಹುಬ್ಬಳ್ಳಿಗೆ ಚೀಟಿ ಬರೆದುಕೊಡುತ್ತೇನೆ, ಸೋಮವಾರ ಬಾ ಎಂದರು.

ಇರಬಹುದು ಎನ್ನುವ ಮಾತು ನನಗೆ ಸೇರುವುದಿಲ್ಲ. ಕಲ್ಲಿನ ಹಲಗೆಗೆ ನೀರು ಹೊಡೆದು ಆರಲು ಬಿಟ್ಟರೆ ಬಿರುಕು ಇದ್ದಲ್ಲಿ ಪಸೆ ಉಳಿದು ಗೆರೆ ಕಾಣುತ್ತದೆ. ಇದೆ, ಇಲ್ಲ, ಎರಡೇ ಮಾತು. ಅವ್ವನ ಎದೆಗೆ ಯಾವ ನೀರು ಹೊಡೆಯಲಿ?

ಮರಳುವಾಗ ಬಸ್ಸಿನಲ್ಲಿ ಅವಳೇ ಕೇಳಿದಳು, "ಡಾಕ್ಟರು ಏನಂದ್ರು? ಮಾರಿ ಯಾಕ ಹಂಗ ಮಾಡ್ಕೊಂಡಿ?"

"ಗಂಟ ಐತಂತ. ಹುಬ್ಬಳ್ಳ್ಯಾಗ ಕೊಯ್ಯಬೇಕಂತ."

ಅವಳು ಸೆರಗು ಸರಿ ಮಾಡಿಕೊಂಡಳು. "ಹಂಗಾರ ಹುನಗುಂದದಾಗ ಇಳಿ. ಸಂಗಮನಾಥನ ಕಡೆ ಹೋಗಿ ಬರೂಣು."

ಹುನಗುಂದದಲ್ಲಿ ಇಳಿದು ಕೂಡಲಸಂಗಮದ ಬಸ್ಸು ಹಿಡಿದೆವು. ಗುಡಿಯಲ್ಲಿ ಅವ್ವ ಲಿಂಗವನ್ನು ಅಂಗೈಯಲ್ಲಿಟ್ಟು ಕೂತಳು. ಅವಳು ಬೇಡಿದ್ದು ನನ್ನ ಕಿವಿಗೆ ಬಿತ್ತು: "ಏನರ ಮಾಡಪ್ಪಾ, ನನ್ನ ಲಿಂಗ ಮಾತ್ರ ಮೈಮ್ಯಾಲಿಂದ ಇಳಿಸಬ್ಯಾಡ." ಬದುಕಿಸು ಎಂದು ಕೇಳಲೇ ಇಲ್ಲ. ನನಗೆ ವಚನ ಬಾಯಿಪಾಠವಿಲ್ಲ. ನಾನು ಕೇಳಿದ್ದು ಒಂದೇ. ಒಳಗೆ ಏನಿದೆಯೋ ಅದನ್ನು ಸರಿಯಾಗಿ ತೋರಿಸು.

ಸೋಮವಾರ ಬಂತು. ಡಾಕ್ಟರರು ಹುಬ್ಬಳ್ಳಿಗೆ ಚೀಟಿ ಬರೆಯುತ್ತಿದ್ದರು. ಅವ್ವ ಕೇಳಿದಳು, "ಸಾಹೇಬ್ರ, ಕೊಯ್ಯೂ ಮುಂದ ನನ್ನ ಲಿಂಗ ಮೈಮ್ಯಾಲೇ ಇರತೈತೆಲ್ರಿ?"

"ಇಲ್ರಿ ಅವ್ವಾರ, ತಗೀಬೇಕಾಗತೈತಿ."

"ಹಂಗಾರ ಬ್ಯಾಡ್ರಿ. ಚೀಟಿ ಬರೀಬ್ಯಾಡ್ರಿ."

ನನಗೆ ಸಿಟ್ಟು ಬಂತು. "ಯವ್ವಾ, ಸುಮ್ನಿರು. ಜೀವದ ಮಾತೈತಿ."

"ನನ್ನ ಜೀವ ಎಲ್ಲೈತಿ ಅಂತ ನಿನಗೇನ ಗೊತ್ತಲೇ?"

ಡಾಕ್ಟರರು ಸಮಾಧಾನ ಮಾಡಲು ಹೋದರು. "ಮೊನ್ನೆ ಎಕ್ಸ್‌ರೇಕ್ಕ ತಗದಿದ್ರೆಲ್ಲ? ಹಂಗ ಅಂತ ತಿಳೀರಿ."

"ಯಾರ ತಗದಿದ್ರು? ಬಂಗಾರ ಬೆಳ್ಳಿ ಕೇಳಿದ್ರು, ಪಿನ್ನ ಇತ್ತು, ಕೊಟ್ನಿ. ಲಿಂಗ ಕೇಳಲಿಲ್ಲ. ಕೇಳಿದ್ರೂ ಕೊಡ್ತಿದ್ದಿಲ್ಲ."

ಪೆನ್ನು ನಿಂತಿತು. "ಎದಿಮ್ಯಾಲೆ ಏನೂ ಇರಲಿಲ್ಲ ಅಂದ್ರಿ?"

"ಎದಿಮ್ಯಾಲೆ ಎಲ್ಲಿತ್ರಿ? ಊರ ಮಂದಿ ಎಲ್ಲಾ ಮೈ ಹಚ್ಚಿದ ತಗಡ ಅದು. ಲಿಂಗಕ್ಕ ತಾಕಬಾರದಂತ ಬೆನ್ನಿಗೆ ಸರಿಸಿದ್ನಿ."

ಉಳ್ಳವರು ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕಟ್ಟುತ್ತಾರೆ. ಬೆಳ್ಳಿಯಾಗಿದ್ದರೆ ಫೋಟೋದಲ್ಲಿ ಯಾರಿಗಾದರೂ ಗುರುತು ಸಿಗುತ್ತಿತ್ತು. ಅವ್ವ ಬರೀ ಅರಿವೆಯಲ್ಲಿ ಸುತ್ತಿ ಕಟ್ಟುತ್ತಾಳೆ. ಮೇಲೆ ದವಾಖಾನೆಯ ಅಂಗಿ ಬೇರೆ ಹಾಕಿದ್ದರು. ಯಾರಿಗೂ ಕಂಡಿರಲಿಲ್ಲ.

ಡಾಕ್ಟರರು ಹಳೆಯ ಹಾಳೆಯನ್ನು ಮತ್ತೆ ದೀಪಕ್ಕೆ ಸಿಕ್ಕಿಸಿದರು. "ಎಲ್ಲಿ ಸರಿಸಿದ್ರಿ, ತೋರಸ್ರಿ." ಅವ್ವ ಕೈಯನ್ನು ಹೆಗಲಿನ ಮೇಲಿಂದ ಹಿಂದೆ ಹಾಕಿ ಬಲ ಬೆನ್ನು ಮುಟ್ಟಿ ತೋರಿಸಿದಳು. ಗುಂಡು ಇದ್ದದ್ದು ಅಲ್ಲೇ.

ಡಾಕ್ಟರರು ತಾವೇ ನಮ್ಮನ್ನು ಎಕ್ಸ್‌ರೇ ಕೋಣೆಗೆ ಕರೆದೊಯ್ದರು. "ತಗೀಬ್ಯಾಡ್ರಿ ಅವ್ವಾರ. ಶಿವದಾರ ಕೊರಳಾಗೇ ಇರ್ಲಿ. ಲಿಂಗ ಅಂಗೈಯಾಗ ಹಿಡದ, ಕೈ ತಲಿಮ್ಯಾಲೆ ಎತ್ರಿ. ಎದುರಿಂದ ಒಂದು, ಬಾಜೂಲಿಂದ ಒಂದು ತಗಸ್ತೇನಿ." ಅವ್ವ ಲಿಂಗವನ್ನು ತಲೆಯ ಮೇಲೆತ್ತಿ ನಿಂತದ್ದನ್ನು ಬಾಗಿಲು ಮುಚ್ಚುವ ಮುಂಚೆ ನಾನು ಕಣ್ಣಾರೆ ನೋಡಿದೆ. ಪೂಜೆಗೆ ನಿಂತ ಹಾಗೇ ನಿಂತಿದ್ದಳು.

ತೊಳೆದ ಫೋಟೋ ಆರುವವರೆಗೆ ಯಾರು ಕಾಯುತ್ತಾರೆ? ಹಸೀ ಹಾಳೆಯನ್ನೇ ಚಿಮಟದಲ್ಲಿ ಹಿಡಿದು, ನೀರು ತೊಟ್ಟಿಕ್ಕುತ್ತಿರುವಾಗಲೇ ದೀಪಕ್ಕೆ ಹಿಡಿದರು. ಗುಂಡು ಇಲ್ಲ. ಪಕ್ಕೆಲುಬಿನ ನಡುವೆ ಏನೇನೂ ಇಲ್ಲ. ನಾನು ಕೂಗಿದ ಕೂಗಿಗೆ ಹೊರಗೆ ಪಾಳಿಯಲ್ಲಿದ್ದ ಮಂದಿ ಎದ್ದು ನಿಂತರು.

ಡಾಕ್ಟರರೂ ನಕ್ಕರು. "ಅವ್ವಾರ, ನಿಮ್ಮ ದೇವರನ್ನ ಕೊಯ್ದ ತಗ್ಯಾಕ ಹುಬ್ಬಳ್ಳಿಗೆ ಕಳಸಾಂವ ಇದ್ನೆಲ್ರಿ."

ಆಮೇಲೆ ಬಾಜುವಿನ ಹಾಳೆ ನೋಡಿದರು. ನಗು ನಿಂತಿತು. ಎದೆಗೂಡಿನ ತಳದಲ್ಲಿ, ಹಿಂದುಗಡೆ, ಮಬ್ಬು ಕಟ್ಟಿತ್ತು. "ಇಲ್ಲಿ ನೀರ ನಿಂತೈತಿ. ಸ್ವಲ್ಪ ಐತಿ, ಎದುರಿನ ಫೋಟೋದಾಗ ಗೊತ್ತಾಗೂದಿಲ್ಲ." ಸೂಜಿ ಹಾಕಿ ಹಳದಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಟಿ.ಬಿ.ಯ ನೀರು. ಇಂಜೆಕ್ಷನ್, ಗುಳಿಗೆ. ಕೊಯ್ಯುವ ಮಾತೇ ಇಲ್ಲ.

ನಾನು ಅವರನ್ನು ನೇರವಾಗಿ ಕೇಳಿದೆ. "ಆ ಗುಂಡ ಕಾಣದಿದ್ರ ಏನ ಮಾಡ್ತಿದ್ರಿ?"

"ಕೆಮ್ಮಿನ ಔಷಧ ಬರದ ಮನಿಗೆ ಕಳಿಸ್ತಿದ್ನಿ. ಬಾಜೂ ಫೋಟೋ ತಗಸ್ತಿದ್ದಿಲ್ಲ," ಎಂದರು. ಮುಚ್ಚಿಡದೆ ಹೇಳಿದ ಅವರಿಗೆ ನನ್ನ ಶರಣು.

ಅವ್ವ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ಮುಂದಿನ ವರ್ಷ ಕೊನೆಯ ಫೋಟೋ ತೆಗೆದಾಗ ಎದೆ ಸ್ವಚ್ಛ. ಈಗ ರೊಟ್ಟಿ ಪೂರ್ತಿ ತಿನ್ನುತ್ತಾಳೆ, ನನ್ನನ್ನು ಬೈಯುತ್ತಾಳೆ, ನೂಲು ಸುತ್ತುತ್ತಾಳೆ.

ಕಾರ್ಖಾನೆಯಲ್ಲಿ ಒಬ್ಬ ಅಂದ, "ಅರಿವೀಗಂಟ ಫೋಟೋದಾಗ ಬಿದ್ದಿತ್ತು, ಅಷ್ಟ. ಇದರಾಗ ದೇವರು ಏನ ಮಾಡಿದಾ?" ಅಷ್ಟೇ ಅನ್ನಲಿ. ಸರಿಯಾಗಿ ತೋರಿಸು ಎಂದು ನಾನು ಬೇಡಿದ್ದೆ, ತೋರಿಸಿದ. ಮೈಮೇಲಿಂದ ಇಳಿಸಬೇಡ ಎಂದು ಅವ್ವ ಬೇಡಿದ್ದಳು, ಇಳಿಸಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಬೇಕಾಗಿಲ್ಲ.

ಲಿಂಗ ಕಟ್ಟಿದವರು ಎಕ್ಸ್‌ರೇಗೆ ಹೋದರೆ, ಮೈಮೇಲೆ ಲಿಂಗವಿದೆ ಎಂದು ಮೊದಲೇ ಬಾಯಿ ಬಿಟ್ಟು ಹೇಳಿ. ಅಂಗೈಯಲ್ಲಿ ಹಿಡಿದು ನಿಂತರೂ ಫೋಟೋ ಬರುತ್ತದೆ, ನಾನೇ ನೋಡಿದ್ದೇನೆ. ಬೇನೆ ಇದ್ದರೆ ಡಾಕ್ಟರರ ಹತ್ತಿರ ಹೋಗಿ. ತಡ ಮಾಡಬೇಡಿ.

ಆ ಮೊದಲಿನ ಹಾಳೆಯನ್ನು ಅವ್ವ ಕೇಳಿ ಇಸಿದುಕೊಂಡು ಬಂದಿದ್ದಾಳೆ. ಓಣಿಯ ಹೆಂಗಸರು ಬಂದರೆ ಬಾಗಿಲ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸುತ್ತಾಳೆ.

"ಇಲ್ನೋಡ್ರವಾ. ಡಾಕ್ಟರಿಗೆ ಮೊದಲ ಇಂವಾ ಕಂಡಾ. ಆಮ್ಯಾಲೆ ಬ್ಯಾನಿ ಕಂಡಿತು."